ಪಲೆಂಕೆಯೂ ನಮ್ಮ ಕ್ಷೇಮಪುರವೂ

ನನ್ನ ಷಡ್ಡಕರು ಅಮೆರಿಕದಿಂದ ವಾಪಸಾದ ನಾಲ್ಕನೇ ದಿನಕ್ಕೆ ನಮ್ಮನ್ನು ಊಟಕ್ಕೆ ಕರೆದರು. ವಿದೇಶದಿಂದ ಬಂದವರು ಊಟಕ್ಕೆ ಕರೆದರೆ ಫೋಟೊ ನೋಡಲು ಕರೆದಿದ್ದಾರೆಂದೇ ಅರ್ಥ. ಹಿಂದೆ ಆಲ್ಬಂ ಇದ್ದ ಕಾಲದಲ್ಲಿ ನಾಲ್ಕು ಪುಟ ಒಟ್ಟಿಗೆ ಮಗುಚಿ ಪಾರಾಗುವ ಉಪಾಯವಿತ್ತು. ಈಗ ಜೆ.ಪಿ. ನಗರ ಆರನೇ ಫೇಸಿನ ಅವರ ಫ್ಲ್ಯಾಟಿನಲ್ಲಿ ಗೋಡೆಯಗಲದ ಟಿವಿ ಇದೆ, ರಿಮೋಟು ಅವರ ಕೈಯಲ್ಲೇ ಇರುತ್ತದೆ, ಊಟ ಫೋಟೊ ಮುಗಿದ ಮೇಲೆ.

ಒಟ್ಟು 412 ಫೋಟೊ. ಹ್ಯೂಸ್ಟನ್ನಿನ ಮಗಳು ಅಪ್ಪ ಅಮ್ಮನನ್ನು ಮೆಕ್ಸಿಕೊಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಚಿಯಾಪಾಸ್ ಪ್ರಾಂತ್ಯದ ಮಳೆಕಾಡಿನೊಳಗೆ ಪಲೆಂಕೆ ಅಂತ ಒಂದು ಹಾಳೂರು. ಮಾಯಾ ಜನ ಸಾವಿರದ ಮುನ್ನೂರು ವರ್ಷದ ಹಿಂದೆ ಆಳಿ ಬಾಳಿದ್ದು. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು.

"ಪಲ್ಲಕ್ಕಿನಾ?" ಅಂದಳು ನನ್ನವಳು.

"ಪಲೆಂಕೆ ಅಕ್ಕಾ, ಪಲೆಂಕೆ" ಎಂದು ಅವಳ ತಂಗಿ ತಿದ್ದಿದಳು. ತಿದ್ದಿದ ಧಾಟಿಯಲ್ಲೇ ಆ ಸಂಜೆಯ ಗತಿ ತೀರ್ಮಾನವಾಗಿಹೋಯಿತು.

ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲಿನ ಗುಡಿ, ಅದರ ಮುಂದೆ ಷಡ್ಡಕರು. ಇನ್ನೊಂದು ಗುಡಿ, ಅದರ ಮುಂದೆ ನಾದಿನಿ. ಮೂರನೆಯದರ ಮುಂದೆ ಇಬ್ಬರೂ. ಹಿಂದೆ ದಟ್ಟ ಕಾಡು. ಕೆಲವು ಫೋಟೊಗಳಲ್ಲಿ ಗುಡಿಯೇ ಇರಲಿಲ್ಲ, ಬರೀ ಷಡ್ಡಕರು. "ಇಲ್ಲಿ ಮಂಗ ಕೂಗ್ತಿತ್ತು ನೋಡಿ ರಾಯರೇ, ಹುಲಿ ಗರ್ಜಿಸಿದ ಹಾಗೆ! ಹೌಲರ್ ಮಂಕಿ ಅಂತಾರೆ" ಎಂದು ಒಂದು ಫೋಟೊ ನಿಲ್ಲಿಸಿದರು. ಅದರಲ್ಲಿ ಮಂಗವೂ ಇರಲಿಲ್ಲ, ಕೂಗೂ ಇರಲಿಲ್ಲ. ಒಂದು ಮರ ಇತ್ತು. ನಾವು ಮರವನ್ನು ಎರಡು ನಿಮಿಷ ನೋಡಿದೆವು.

"ಇದು ಪಕಾಲ್ ಮಹಾರಾಜನ ಸಮಾಧಿ ಇರೋ ಗುಡಿ. ಮೆಟ್ಟಿಲಿಗೆ ತುಂಬಿದ್ದ ಕಲ್ಲುಮಣ್ಣು ವರ್ಷಗಟ್ಟಲೆ ತೆಗೀತಾ ಹೋಗಿ 1952ರಲ್ಲಿ ಸಮಾಧಿ ಸಿಕ್ಕಿತಂತೆ. ಹನ್ನೆರಡನೇ ವಯಸ್ಸಿಗೆ ಪಟ್ಟ. 68 ವರ್ಷ ಆಳ್ವಿಕೆ!"

"ಪಟ್ಟಕ್ಕೆ ಬಂದದ್ದು ಯಾವ ಇಸವಿ?" ಎಂದೆ.

"615."

"ನಮ್ಮ ಇಮ್ಮಡಿ ಪುಲಕೇಶಿ 610ಕ್ಕೇ ಬಂದಿದ್ದ" ಎಂದೆ. ನಿವೃತ್ತಿಯಾಗಿ ಏಳು ವರ್ಷವಾದರೂ ಸೀನಿಯಾರಿಟಿ ಲೆಕ್ಕ ಹಾಕುವ ಚಟ ನನ್ನನ್ನು ಬಿಟ್ಟಿಲ್ಲ. ಷಡ್ಡಕರು ಉತ್ತರಿಸದೆ ಮುಂದಿನ ಫೋಟೊಗೆ ಹೋದರು. ಅದರಲ್ಲಿ ಅವರು ಎಳನೀರು ಕುಡಿಯುತ್ತಿದ್ದರು.

ವಾಪಸ್ಸು ಬರುವಾಗ ಆಟೊದಲ್ಲಿ ನನ್ನವಳು ಮಾತಾಡಲಿಲ್ಲ. ಜಯನಗರ ಒಂಬತ್ತನೇ ಬ್ಲಾಕಿನ ತಿರುವಿನಲ್ಲಿ, ರಾಗಿಗುಡ್ಡದ ದೀಪ ಕಾಣುವಾಗ, ತಾನಾಗಿ ಬಾಯಿಬಿಟ್ಟಳು. "ನಾವು ಇಲ್ಲೀವರೆಗೆ ಎಲ್ಲೆಲ್ಲಿಗೆ ಹೋಗಿದೀವಿ ರೀ? ಧರ್ಮಸ್ಥಳ, ಸುಬ್ರಹ್ಮಣ್ಯ, ಮಂತ್ರಾಲಯ. ಅದೂ ಹರಕೆ ಬಾಕಿ ಇದೆ ಅಂತ."

ಆಗ ನಾನು ತಪ್ಪು ಮಾಡಿದೆ. ಮಾಯಾ ಲಿಪಿ ಓದುವ ದಾರಿ ತೋರಿಸಿದ ಯೂರಿ ಕ್ನೊರೊಸೊವ್ ಎಂಬ ರಷ್ಯನ್ ವಿದ್ವಾಂಸನ ಕಥೆ ಹೇಳಿದೆ. ಆತ ಲೆನಿನ್‌ಗ್ರಾಡಿನಲ್ಲಿ ಕೂತೇ, ಒಂದು ಸಲವೂ ಮಾಯಾ ನಾಡಿಗೆ ಕಾಲಿಡದೆ, ಬರೀ ಪುಸ್ತಕ ಇಟ್ಟುಕೊಂಡು ಆ ಲಿಪಿಯ ಗುಟ್ಟನ್ನು 1952ರಲ್ಲಿ ಪ್ರಕಟಿಸಿದ. ಆ ಕಲ್ಲುಗಳನ್ನು ಕಣ್ಣಾರೆ ನೋಡಿದ್ದು 1990ರಲ್ಲಿ, ಸುಮಾರು ನಲವತ್ತು ವರ್ಷ ಬಿಟ್ಟು. ಬೆಕ್ಕೊಂದನ್ನು ಎದೆಗವುಚಿಕೊಂಡು ಕೆಕ್ಕರಿಸಿ ನೋಡುವ ಅವನ ಫೋಟೊ ಪ್ರಸಿದ್ಧ. "ಅಂದಮೇಲೆ ತಿಳಿದುಕೊಳ್ಳೋದಕ್ಕೆ ಹೋಗಲೇಬೇಕು ಅಂತೇನಿಲ್ಲ ನೋಡು" ಎಂದೆ.

"ಅವರ ಹೆಂಡತಿ ಏನಂದರು ಅಂತ ಎಲ್ಲಾದರೂ ಬರೆದಿದೆಯಾ?" ಎಂದು ಕೇಳಿ ಅವಳು ಆಟೊ ಇಳಿದಳು.

ಮೆಕ್ಸಿಕೊ ನಮ್ಮ ಪಿಂಚಣಿಗೆ ದೂರ. ಆದರೆ ಕಾಡು ನುಂಗಿದ ರಾಜಧಾನಿ ನೋಡಬೇಕೆಂದರೆ ಮೆಕ್ಸಿಕೊಗೇ ಹೋಗಬೇಕೆಂದು ಯಾರು ಹೇಳಿದರು? ಆ ರಾತ್ರಿ ನಿದ್ದೆ ಬಾರದೆ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ಬಡಾವಣೆಯಿಂದಲೇ ಶುರು ಮಾಡೋಣವೆಂದರೆ ಜಯನಗರದಲ್ಲಿ ಪುರಾತನ ಅನ್ನಿಸಿಕೊಳ್ಳುವಂಥದ್ದು ಅಶೋಕ ಪಿಲ್ಲರು, ಅದು 1948ರದ್ದು, ನಮ್ಮ ತಾಯಿಗಿಂತ ಚಿಕ್ಕದು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ನಿಜ, ಆದರೆ ಅದನ್ನು ಯಾರೂ ಕಟ್ಟಿದ್ದಲ್ಲ. ಬೇಗೂರಿನಲ್ಲಿ 'ಬೆಂಗಳೂರು ಕಾಳಗ'ದ ಮಾತಿರುವ ಒಂಬತ್ತನೇ ಶತಮಾನದ ವೀರಗಲ್ಲಿದೆ. ಅಲ್ಲಿಗೆ ಆಟೊದಲ್ಲೇ ಹೋಗಿಬರಬಹುದು, ಅದೇ ಅದರ ದೋಷ. ನಾದಿನಿಯ ಮುಂದೆ ಹೇಳಿಕೊಳ್ಳಲಾಗುವುದಿಲ್ಲ.

ಸೋಮನಾಥಪುರವೂ ನೆನಪಾಯಿತು. ಅಲ್ಲಿನ ಹೊಯ್ಸಳ ಮೂರ್ತಿಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಕೊಲಂಬಸ್ಸಿಗಿಂತ ಮುಂಚೆಯೇ ಅಮೆರಿಕದ ಜೋಳ ಇಲ್ಲಿಗೆ ಬಂದಿತ್ತು ಅಂತ ಇಬ್ಬರು ವಿದ್ವಾಂಸರು 1989ರಲ್ಲಿ ಬರೆದು ಗಲಾಟೆಯೆಬ್ಬಿಸಿದ್ದರು. ಜೋಳವೆಂದರೆ ಮಾಯಾ ಜನರಿಗೆ ದೇವರ ಸಮಾನ, ಹಾಗಾಗಿ ನನಗೂ ಕ್ಷಣಕಾಲ ರೋಮಾಂಚನವಾಯಿತು. ಅದು ಜೋಳವಲ್ಲ, ಮುತ್ತು ಪೋಣಿಸಿದ ಮುಕ್ತಾಫಲ ಅಂತ ಬೇರೆಯವರು ಉತ್ತರ ಕೊಟ್ಟಿದ್ದಾರೆ. ನನಗೂ ಅದೇ ಸರಿ ಕಾಣುತ್ತದೆ. ನಮ್ಮ ಬೀದಿಯ ಕೊನೆಮನೆಯವರು ಮಾತ್ರ ಮಾಯಾ ಜನ ಎಂದರೆ ಮಯಾಸುರನ ಸಂತತಿ ಎಂದು ಖಡಾಖಂಡಿತ ನಂಬಿದ್ದಾರೆ. 2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗ ಮುಗಿದು ಪ್ರಳಯವಾಗುತ್ತದೆ ಎಂದು ಟಿವಿಯವರು ಬೊಬ್ಬೆ ಹೊಡೆದಾಗ ಆ ತಿಂಗಳ ಮೆಂಟೆನೆನ್ಸ್ ಕಟ್ಟದೆ ಕಾದು ನೋಡಿದವರು ಅವರೊಬ್ಬರೇ. ಪ್ರಳಯ ಆಗಲಿಲ್ಲ. ದಂಡ ಸೇರಿಸಿ ಜನವರಿಯಲ್ಲಿ ಕಟ್ಟಿದರು.

ಕೊನೆಗೆ ಸಿಕ್ಕಿದ್ದು ಗೇರುಸೊಪ್ಪೆ. ಪುಸ್ತಕ ಬಿಡಿಸಿದ್ದೇ ತಡ, ನಾನು ನಡುರಾತ್ರಿ ಅವಳನ್ನು ಎಬ್ಬಿಸಿದೆ.

"ಕಳ್ಳ ಬಂದನಾ?"

"ಇಲ್ಲ. ಚೆನ್ನಭೈರಾದೇವಿ."

ಹದಿನಾರನೇ ಶತಮಾನದಲ್ಲಿ ಶರಾವತಿಯ ದಂಡೆಯಲ್ಲಿ ನಗಿರೆ ಎಂಬ ರಾಜ್ಯವಿತ್ತು, ಗೇರುಸೊಪ್ಪೆ ಅದರ ರಾಜಧಾನಿ. 1552ರಿಂದ 1606ರವರೆಗೆ, 54 ವರ್ಷ, ಒಬ್ಬ ಜೈನ ರಾಣಿ ಆಳಿದಳು. ಘಟ್ಟದ ಕಾಳುಮೆಣಸೆಲ್ಲ ಅವಳ ಕೈದಾಟಿಯೇ ಸಮುದ್ರಕ್ಕೆ ಹೋಗಬೇಕಿತ್ತು. ಪೋರ್ಚುಗೀಸರು ಹಲ್ಲು ಕಚ್ಚಿಕೊಂಡು ಅವಳಿಗೆ ಮೆಣಸಿನ ರಾಣಿ ಎಂದು ಹೆಸರಿಟ್ಟರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ಸೋತಳು. ಹದಿನೇಳು ವರ್ಷ ಕಳೆದು, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಗೆ ಹೋಗುವಾಗ ಈ ಹೊಳೆಯಲ್ಲಿ ದೋಣಿಯಲ್ಲಿ ಬಂದ. ಪಟ್ಟಣವೂ ಅರಮನೆಯೂ ಬಿದ್ದುಹೋಗಿ ಮರ ಬೆಳೆದಿದ್ದವೆಂದೂ, ಉಳಿದದ್ದು ಕೆಲವು ರೈತರ ಗುಡಿಸಲು ಎಂದೂ ಬರೆದ. ಹದಿನೇಳೇ ವರ್ಷ! ನಮ್ಮ ಕಾಡು ಮೆಕ್ಸಿಕೊದ ಕಾಡಿಗಿಂತ ಚುರುಕು ಅನ್ನಬೇಕು.

ಇದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕಣ್ಣುಜ್ಜಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾ?"

ಬರಬಹುದು. ಹಿಂದೊಂದು ರಾತ್ರಿ, ಮುಂದೊಂದು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು ಅಷ್ಟೇ.

ದಸರಾ ಕಳೆದ ಮೇಲಿನ ಶುಕ್ರವಾರ ಹೊರಟೆವು. ಗೇಟಿಗೆ ಬೀಗ ಹಾಕುವಾಗ ಎದುರುಮನೆಯ ಕಾಂಪೌಂಡಿಗೆ ಯಾರೋ ಹಸಿರು ಬಲೆ ಕಟ್ಟಿದ್ದು ಕಾಣಿಸಿತು. 'ಮಾತೃಛಾಯಾ' ಎಂದು ಆ ಮನೆಯ ಹೆಸರು. ಕಟ್ಟಿಸಿದವರು ಕಾಲೇಜಿನ ಮೇಷ್ಟ್ರು. ಕೆಂಪು ರೆಡಾಕ್ಸೈಡ್ ನೆಲ, ಮುಂದೆ ಸಂಪಿಗೆ ಮರ, ಪಕ್ಕದಲ್ಲಿ ಮಲ್ಲಿಗೆ ಚಪ್ಪರ. ಮೇಷ್ಟ್ರೂ ಅವರ ಮನೆಯವರೂ ಒಂದೇ ವರ್ಷದಲ್ಲಿ ಹೋದರು. ಮಕ್ಕಳು ಹೊರದೇಶದಲ್ಲಿದ್ದಾರೆ. "ಬಣ್ಣ ಹೊಡೆಸ್ತಾರೇನೋ" ಎಂದಳು ನನ್ನವಳು. ಬಸ್ಸಿಗೆ ಹೊತ್ತಾಗಿತ್ತು.

ಬಸ್ಸಿನ ವಿಷಯ ಹೆಚ್ಚು ಹೇಳುವುದಿಲ್ಲ. ಸ್ಲೀಪರ್ ಕೋಚಿನಲ್ಲಿ ನಮಗೆ ಸಿಕ್ಕಿದ್ದು ಮೇಲಿನ ಬರ್ತು. ಅರವತ್ತೇಳರ ವಯಸ್ಸಿನಲ್ಲಿ ಕಬ್ಬಿಣದ ಏಣಿ ಹತ್ತಿ, ಸೊಂಟ ತಿರುಗಿಸಿ, ತಲೆ ತಗ್ಗಿಸಿ, ಒಳಗೆ ಹೊರಳುವ ಕ್ರಿಯೆಯನ್ನು ಪಕಾಲ್ ಮಹಾರಾಜನ ಶವಪೆಟ್ಟಿಗೆಗೆ ಹೋಲಿಸಿ ಹೇಳಿದೆ. ಅವಳು ನಗಲಿಲ್ಲ, ಅವಳದು ಇನ್ನೂ ಅರ್ಧ ದೇಹ ಹೊರಗಿತ್ತು. ಶಿವಮೊಗ್ಗ ಯಾವಾಗ ಬಂತೋ ಗೊತ್ತಾಗಲಿಲ್ಲ. ಗೇರುಸೊಪ್ಪೆ ಘಾಟಿ ಬಂದದ್ದು ಮಾತ್ರ ಇಬ್ಬರಿಗೂ ಗೊತ್ತಾಯಿತು. ಒಂದೊಂದು ತಿರುವಿಗೂ ನಾನು ಅವಳ ಕಡೆಗೆ, ಅವಳು ನನ್ನ ಕಡೆಗೆ. ಮದುವೆಯಾದ ಹೊಸದರಲ್ಲೂ ಇಷ್ಟು ಒತ್ತಾಗಿ ಮಲಗಿದ್ದ ನೆನಪಿಲ್ಲ.

ಬೆಳಗಿನ ಆರೂವರೆಗೆ ಬಸ್ಸು ನಮ್ಮನ್ನು ಮಂಜಿನಲ್ಲಿ ಇಳಿಸಿ ಹೊನ್ನಾವರದ ಕಡೆ ಹೋಯಿತು. ಸಣ್ಣದೊಂದು ಹೋಟೆಲಿನಲ್ಲಿ ಬನ್ಸು, ಅವಲಕ್ಕಿ, ಮತ್ತೆ ಕಷಾಯ. ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟಿನ ಆ ಬನ್ಸು ಬೆಂಗಳೂರಿನಲ್ಲೂ ಸಿಗುತ್ತದೆ, ಆದರೆ ಅಲ್ಲಿ ಅದಕ್ಕೆ ಘಾಟಿ ಇಳಿದ ಹಸಿವಿರುವುದಿಲ್ಲ. ಆಟೊದವನು ವಾಪಸ್ಸೂ ಸೇರಿಸಿ ರೇಟು ಹೇಳಿದ. ಜಯನಗರದ ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದೆ. ಅವನು ನನ್ನನ್ನು ಬಿಟ್ಟು ಇವಳ ಕಡೆ ತಿರುಗಿ, "ಅಮ್ಮಾ, ಹತ್ತಿ" ಎಂದ. ಇವಳು ಹತ್ತಿದಳು.

ದಾರಿ ಕಾಡಿನೊಳಗೆ ಇಳಿಯಿತು. ಇಲ್ಲಿ ಮರಗಳು ಸಾಲಾಗಿ ನಿಲ್ಲುವುದಿಲ್ಲ, ಒಂದರ ಹೆಗಲ ಮೇಲೆ ಒಂದು ಹತ್ತಿ ನಿಂತಿವೆ. ಬಳ್ಳಿ ಯಾವುದು, ಬೇರು ಯಾವುದು ತಿಳಿಯುವುದಿಲ್ಲ. ಶರಾವತಿ ಕಣಿವೆಯ ಈ ಸೀಮೆಯಲ್ಲಿ ಸಿಂಹಬಾಲದ ಸಿಂಗಳೀಕ ಇದೆ. ಪ್ರಪಂಚದಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದ ಪ್ರಾಣಿ. 2019ರಲ್ಲಿ ಅದರ ಹೆಸರಿನಲ್ಲೇ ಅಭಯಾರಣ್ಯ ಘೋಷಿಸಿದ್ದಾರೆ. ಷಡ್ಡಕರ ಹೌಲರ್ ಮಂಗಕ್ಕೆ ನಾನು ಸಿದ್ಧಮಾಡಿಕೊಂಡಿದ್ದ ಉತ್ತರ ಇದೇ. ಆಟೊ ನಿಲ್ಲಿಸಿ, ಮೊಬೈಲ್ ಎತ್ತಿ ಹಿಡಿದು, ಇಪ್ಪತ್ತು ನಿಮಿಷ ಕಾದೆ. ಸಿಂಗಳೀಕ ಬರಲಿಲ್ಲ. ಒಂದು ಮಾಮೂಲಿ ಕೆಂಪುಮೂತಿ ಕೋತಿ ಬಂದು ಸೀಟಿನ ಮೇಲಿದ್ದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು ಹೋಯಿತು. ನನ್ನ ಮೊಬೈಲಿನಲ್ಲೂ ಈಗ ಒಂದು ಮರದ ಫೋಟೊ ಇದೆ.

ನಗರಬಸ್ತಿಕೇರಿ ಎಂದು ಆ ಜಾಗದ ಹೆಸರು. ನಗರ ಹೋಗಿ ಬಸ್ತಿಯೂ ಕೇರಿಯೂ ಉಳಿದಿವೆ. ಆಟೊ ಇಳಿದು ಹತ್ತು ಹೆಜ್ಜೆ ನಡೆದರೆ ಮರಗಳು ಸರಿದು ನಿಂತ ಒಂದು ಬಯಲು, ಅದರ ನಡುವೆ ಚತುರ್ಮುಖ ಬಸದಿ.

ಪಲೆಂಕೆಯ 412 ಫೋಟೊ ನೋಡಿ ಬಂದ ಕಣ್ಣಿಗೆ ಮೊದಲು ನಿರಾಶೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಕಾಶಕ್ಕೇರುವ ಮೆಟ್ಟಿಲುಗಳಿಲ್ಲ, ಶಿಖರವೂ ಇಲ್ಲ. ಬೂದುಬಣ್ಣದ ಕಲ್ಲಿನ, ತಗ್ಗಾದ, ಅಗಲವಾದ ಕಟ್ಟಡ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಇದೇ ಬಗೆಯ ಬಸದಿ ಇದೆಯಲ್ಲ, ಬಂಡೆಯ ಮೇಲೆ, ಊರಿಗೆಲ್ಲ ಕಾಣುವ ಹಾಗೆ? ಇದು ಅದರ ಕಾಡಿಗೆ ಕೊಟ್ಟ ಅಕ್ಕ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿಂದ ಹೋದರೂ ಎದುರಿಗೆ ಒಬ್ಬ ತೀರ್ಥಂಕರ, ಪದ್ಮಾಸನದಲ್ಲಿ. ನಾಲ್ವರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತಿದ್ದಾರೆ. ಒಬ್ಬರ ಮುಖ ಒಬ್ಬರು ನೋಡದೆ ನಾನೂರು ವರ್ಷ ಒಂದೇ ಪೀಠದ ಮೇಲೆ! "ಅದಕ್ಕೇ ಜಗಳವಿಲ್ಲ" ಎಂದಳು ಇವಳು.

ಒಳಗೆ ತಣ್ಣಗಿತ್ತು. ಕಲ್ಲಿಗೆ ಕೈ ಇಟ್ಟೆ. ಹೊರಗಿನ ಬಿಸಿಲು ಏರುತ್ತಿದ್ದರೂ ಆ ಕಲ್ಲು ಇನ್ನೂ ರಾತ್ರಿಯಲ್ಲೇ ಇತ್ತು. ಒಂದು ಬಾಗಿಲಿಂದ ಬೆಳಕು ಬಂದು ಒಬ್ಬ ಜಿನನ ಮೊಣಕಾಲಿನವರೆಗೆ ಬಿದ್ದು ನಿಂತಿತ್ತು. ಬಾವಲಿಯ ವಾಸನೆ, ಒದ್ದೆ ಎಲೆಯ ವಾಸನೆ. ಹೊರಗೆ ಯಾವುದೋ ಹಕ್ಕಿ ಒಂದೇ ಮಾತನ್ನು ಹೇಳಿದ್ದೇ ಹೇಳುತ್ತಿತ್ತು. ನಾವು ನಾಲ್ಕು ಬಾಗಿಲನ್ನೂ ಹೊಕ್ಕು ಹೊರಟೆವು, ಪ್ರದಕ್ಷಿಣೆಯ ಲೆಕ್ಕ ತಪ್ಪಿ ಮತ್ತೆ ಶುರುಮಾಡಿದೆವು. ಕಾಯುವವನೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಪಲೆಂಕೆಯಲ್ಲಿ ಫೋಟೊಗೆ ಸರತಿ ನಿಂತೆವೆಂದು ನಾದಿನಿ ಹೇಳಿದ್ದಳು. ಇಲ್ಲಿ ನಮ್ಮಿಬ್ಬರ ಜೋಡಿ ಫೋಟೊ ತೆಗೆಯಲು ಜನವಿಲ್ಲದೆ ಕೊನೆಗೆ ಆಟೊದವನನ್ನೇ ಕರೆದೆ. ಅವನು ತೆಗೆದ ಫೋಟೊದಲ್ಲಿ ಬಸದಿ ಪೂರ್ತಿ ಇದೆ, ನಾವು ಮೂಲೆಯಲ್ಲಿ ಎಳ್ಳಿನಷ್ಟು. ಅವನಿಗೆ ಫೋಟೊ ತೆಗೆಯಲು ಬರುತ್ತದೆ.

ಅಷ್ಟರಲ್ಲಿ ಇವಳು ಕಿಟಾರನೆ ಕಿರುಚಿದಳು. ಸೀರೆಯ ಅಂಚು ಎತ್ತಿ ನೋಡಿದರೆ ಕಾಲಿಗೆ ಎರಡು ಕಪ್ಪು ದಾರ ಅಂಟಿಕೊಂಡಿದ್ದವು. "ಜಿಗಣೆ! ಜಿಗಣೆ!" ಎಂದು ನಾನೂ ಕೂಗಿದೆ.

"ಜಿಗಣೆ ನೀರಲ್ಲಿರೂದು. ಇದು ಉಂಬಳ" ಎಂದ ಆಟೊದವನು, ಶಾಂತವಾಗಿ. ಎಲೆಯಡಿಕೆ ಪೊಟ್ಟಣದಿಂದ ಸುಣ್ಣ ತೆಗೆದು ಮುಟ್ಟಿಸಿದ. ಉದುರಿದವು. ನನ್ನ ಕಾಲಲ್ಲಿ ಒಂದೂ ಇಲ್ಲವೆಂದು ಬೀಗುತ್ತ ಶೂ ಬಿಚ್ಚಿದರೆ ಬಿಳಿಯ ಕಾಲುಚೀಲ ಕೆಂಪಾಗಿತ್ತು, ಒಳಗೆ ಐದು. ಇಲ್ಲೂ ಸೀನಿಯಾರಿಟಿ ನನ್ನದೇ.

ಕಾಡಿನೊಳಗೆ ಇನ್ನೂ ಬಸದಿಗಳಿವೆ. ನೇಮಿನಾಥನದು, ಪಾರ್ಶ್ವನಾಥನದು, ಜ್ವಾಲಾಮಾಲಿನಿ ಅಮ್ಮನವರದು. ಕೆಲವು ಕಡೆ ಆಳೆತ್ತರದ ಶಾಸನಗಳು ನಿಂತಿವೆ. ಹಳಗನ್ನಡದ ನಾಲ್ಕಕ್ಷರ ಬಲ್ಲೆನೆಂಬ ಜಂಬದಲ್ಲಿ ಬೆರಳಿಟ್ಟು ಓದತೊಡಗಿದೆ. "ಶ್ರೀ" ಸಿಕ್ಕಿತು. ಆಮೇಲೆ ಪಾಚಿ. ಇವಳು ಕಾದು ಕಾದು, "ಆ ಬೆಕ್ಕಿನ ರಷ್ಯದವರು ಬಂದಿದ್ದರೆ ಇಷ್ಟೊತ್ತಿಗೆ ಓದಿ ಮುಗಿಸೋರು" ಎಂದಳು. ಈ ಊರಿಗೆ ಭಲ್ಲಾತಕೀಪುರ ಎಂಬ ಹೆಸರೂ ಇತ್ತು. ಭಲ್ಲಾತಕ ಎಂದರೆ ಗೇರು, ಈಗಿನ ಗೋಡಂಬಿಯ ಗೇರಲ್ಲ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರು. ಮತ್ತೊಂದು ಹೆಸರು ಕ್ಷೇಮಪುರ. ನಾವು ಚಿಕ್ಕವರಿದ್ದಾಗ ಪ್ರತಿ ಕಾಗದದ ಮೊದಲ ಸಾಲು ಅದೇ ಆಗಿತ್ತು, ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಜನ ಹೇಳುವ ಪ್ರಕಾರ ಒಂದು ಕಾಲಕ್ಕೆ ಈ ಕ್ಷೇಮಪುರದಲ್ಲಿ ಲಕ್ಷ ಮನೆ, ಎಂಬತ್ತನಾಲ್ಕು ಗುಡಿ. ಲಕ್ಷದಲ್ಲಿ ಒಂದೆರಡು ಸೊನ್ನೆ ತೆಗೆದರೂ ಊರು ದೊಡ್ಡದೇ. ಆ ಮನೆಗಳ ಗೋಡೆ ಈಗ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲಿನ ಸಾಲಾಗಿ ಕಾಣುತ್ತದೆ, ಕಂಡಷ್ಟೇ ಬೇಗ ತರಗೆಲೆಯಲ್ಲಿ ಮಾಯವಾಗುತ್ತದೆ. ನೋಡಿ, ಮಾಯ ಎಂಬ ಪದ ಕೊನೆಗೂ ಸರಿಯಾದ ಜಾಗದಲ್ಲಿ ಬಂತು.

ಮಧ್ಯಾಹ್ನ ಬಸದಿಯ ಕಟ್ಟೆಯಿಂದ ದೂರ, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಚಪಾತಿ, ಟೊಮೆಟೊ ಗೊಜ್ಜು, ಮೊಸರನ್ನ, ಬಾಳಕದ ಮೆಣಸಿನಕಾಯಿ. ಇವಳ ಕಾಲಿಗೆ ಸುಣ್ಣ ಹಚ್ಚಿದ ಜಾಗ ಇನ್ನೂ ಒಸರುತ್ತಿತ್ತು. ನಾನು ಮಾತು ಬದಲಿಸಲು ಮೆಣಸಿನಕಾಯಿ ಎತ್ತಿ ಹಿಡಿದೆ. ಈ ರಾಣಿಯ ಕಾಳುಮೆಣಸಿಗಾಗಿ ಪೋರ್ಚುಗೀಸರು ಸಮುದ್ರ ದಾಟಿ ಬಂದರು. ಬರುವಾಗ ಷಡ್ಡಕರ ಮೆಕ್ಸಿಕೊದ ಕಡೆಯ ಮೆಣಸಿನಕಾಯಿ ತಂದರು. ನಮ್ಮ ಹಿರಿಯರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ, ಮೆಣಸಿನ ಹಾಗೆ ಖಾರ, ಕಾಯಿಯ ಹಾಗೆ ಆಕಾರ, ಸರಿ ಮೆಣಸಿನಕಾಯಿ ಅಂದುಬಿಟ್ಟರು. ಮೆಣಸು ಹಡಗು ಹತ್ತಿತು, ಮೆಣಸಿನಕಾಯಿ ಅಡುಗೆಮನೆಗೆ ಬಂದು ಯಜಮಾನಿಕೆ ಮಾಡಿತು. ಟೊಮೆಟೊ, ಸೀಬೆ, ಮುಸುಕಿನ ಜೋಳ ಎಲ್ಲ ಅದರ ಹಿಂದೆ ಬಂದ ಬೀಗರು. ಪರಂಗಿ ಹಣ್ಣಂತೂ ತಾನು ಪರಂಗಿಯವನೆಂದು ಹೆಸರಲ್ಲೇ ಒಪ್ಪಿಕೊಳ್ಳುತ್ತದೆ. "ಅಂದರೆ ಚೆನ್ನಭೈರಾದೇವಿ ಅಜ್ಜಿಯ ಸಾರಿಗೆ ಹುಳಿಗೆ ಟೊಮೆಟೊ ಇರಲಿಲ್ಲ, ಖಾರಕ್ಕೆ ಮೆಣಸಿನಕಾಯಿಯೂ ಇದ್ದಿರಲಾರದು" ಎಂದೆ.

"ಮತ್ತೆ ಹೇಗೆ ಮಾಡ್ತಿದ್ದರು?"

"ಹುಣಿಸೆಹಣ್ಣು, ಮೆಣಸು."

"ಮೆಣಸಿನ ಸಾರು ಅನ್ನಿ. ಜ್ವರ ಬಂದ ದಿನದ್ದು. 54 ವರ್ಷ ಪಾಪ!" ಎಂದು ರಾಣಿಗಾಗಿ ನಿಜವಾಗಿ ಮರುಗಿದಳು.

ಕಾಯುವವನು ಅಲ್ಲೇ ಬಂದು ಕೂತ. ನಮ್ಮ ಮೊಸರನ್ನ ಬೇಡವೆಂದ, ಬಾಳಕ ಮಾತ್ರ ತೆಗೆದುಕೊಂಡ.

"ಎಲ್ಲಿಂದ ಬಂದ್ರಿ?"

"ಬೆಂಗಳೂರು."

"ಹೌದ್ರಾ? ಬೆಂಗಳೂರಲ್ಲಿ ಎಲ್ಲಿ?"

"ಜಯನಗರ."

"ಹಾಗಾದ್ರೆ ನಮ್ಮ ಮಾಣಿ ಅಲ್ಲೇ ಹತ್ರ. ಬಿಟಿಎಂ. ಪೀಜಿಲಿ ಇದ್ದ. ಒಂದು ರೂಮಿಗೆ ಮೂರು ಜನ ಅಂತೆ."

ಆಟೊದವನ ತಮ್ಮನೂ ಬಿಟಿಎಂ. ಬೆಳಿಗ್ಗೆ ಬನ್ಸು ಕೊಟ್ಟ ಹೋಟೆಲಿನವರ ಮಗಳೂ ಬಿಟಿಎಂ, ಸಾಫ್ಟ್‌ವೇರು. ಮಾಯಾ ನಗರಗಳು ಯಾಕೆ ಖಾಲಿಯಾದವೆಂದು ಜಗತ್ತಿನ ವಿದ್ವಾಂಸರೆಲ್ಲ ಕೂತು ಚರ್ಚಿಸುತ್ತಾರೆ. ಬರ ಎನ್ನುತ್ತಾರೆ, ಯುದ್ಧ ಎನ್ನುತ್ತಾರೆ, ಕಾಡು ಕಡಿದದ್ದು ಎನ್ನುತ್ತಾರೆ. ಮಾಯಾ ಜನವೇ ಮಾಯವಾದರು ಎಂಬ ಕಥೆಯಂತೂ ಶುದ್ಧ ಸುಳ್ಳು. ಅವರ ಭಾಷೆಗಳನ್ನಾಡುವ ಲಕ್ಷಗಟ್ಟಲೆ ಮಂದಿ ಇವತ್ತೂ ಗ್ವಾಟೆಮಾಲದಲ್ಲಿ, ಮೆಕ್ಸಿಕೊದಲ್ಲಿ ಜೋಳದ ರೊಟ್ಟಿ ತಟ್ಟಿಕೊಂಡಿದ್ದಾರೆ. ಊರು ಬಿಟ್ಟರು, ಅಷ್ಟೇ. ಕ್ಷೇಮಪುರದವರು ಎಲ್ಲಿಗೆ ಹೋದರೆಂಬ ಪ್ರಶ್ನೆಗಾದರೆ ನನಗೆ ಆ ಮರದಡಿಯಲ್ಲೇ ಉತ್ತರ ಸಿಕ್ಕಿತ್ತು.

ಬಿಟಿಎಂ ಎಂಬುದೂ ಒಂದು ಶಾಸನವೇ. ಭೈರಸಂದ್ರ, ತಾವರೆಕೆರೆ, ಮಡಿವಾಳ. ಹೊಲ, ಕೆರೆ, ದೇವರು ದಿಂಡರು ಇದ್ದ ಮೂರು ಊರನ್ನು ಮೂರಕ್ಷರಕ್ಕೆ ಇಳಿಸಿ ಮೇಲೆ ಲೇಔಟು ಹಾಸಿದ್ದೇವೆ. ಅಲ್ಲಿ ಬಾಡಿಗೆ ಕಟ್ಟುವ ಹುಡುಗರನ್ನು ಕೇಳಿ ನೋಡಿ, ಮೂರಕ್ಷರ ಬಿಡಿಸುವವರು ಹತ್ತರಲ್ಲಿ ಇಬ್ಬರಿದ್ದರೆ ಹೆಚ್ಚು. ಮುಂದೆ ಯಾರಾದರೂ ಬೆಕ್ಕು ಸಾಕಿದವನೇ ಬಂದು ಓದಬೇಕು.

"ನಮ್ಮ ಮಾಣಿಗೆ ಈ ಬಸ್ತಿ ಕಡೆ ಗಮನವೇ ಇಲ್ಲೆ ಮಾರಾಯ್ರೆ" ಎಂದ ಕಾಯುವವನು. "ಬಂದ್ರೆ ಎರಡು ದಿನ. ನೆಟ್‌ವರ್ಕ್ ಇಲ್ಲ ಅಂತ ಮತ್ತೆ ಬಸ್ಸು ಹತ್ತೂದು." ಆಮೇಲೆ ಮೆಲ್ಲಗೆ ಕೇಳಿದ, "ನಿಮ್ಮ ಕಡೆಗೆ ಶರಾವತಿ ನೀರು ತಕಂಡು ಹೋಗ್ತ್ರಂತಲ್ಲ?"

ಬಾಯಿಗೆ ಹಾಕಿದ್ದ ಮೊಸರನ್ನ ಅಲ್ಲೇ ನಿಂತಿತು. ಅವನ ಮಗನನ್ನು ಈಗಾಗಲೇ ಕರೆಸಿಕೊಂಡಿದ್ದೇವೆ. ಶರಾವತಿಯ ಕರೆಂಟಂತೂ ನಾನು ಹುಟ್ಟಿದ ಕಾಲದಿಂದ ನಾಡಿನ ದೀಪ ಉರಿಸುತ್ತಿದೆ. ಗೇರುಸೊಪ್ಪೆಯ ಅಣೆಕಟ್ಟೊಂದರಲ್ಲೇ 240 ಮೆಗಾವ್ಯಾಟಿನ ಸ್ಥಾವರವಿದೆ. ಇನ್ನು ಉಳಿದದ್ದು ನೀರು. 2019ರಲ್ಲಿ ಆ ಯೋಜನೆಯ ಮಾತೆದ್ದು ಮಲೆನಾಡಿನವರು ಬೀದಿಗಿಳಿದದ್ದನ್ನು ನಾನು ಜಯನಗರದ ಸೋಫಾದಲ್ಲಿ ಕೂತು ಪೇಪರಿನಲ್ಲಿ ಓದಿದ್ದೆ, ಓದಿ ಪುಟ ತಿರುಗಿಸಿದ್ದೆ. "ಗೊತ್ತಿಲ್ಲಪ್ಪ" ಎಂದೆ. ಅವನೂ ಒತ್ತಾಯ ಮಾಡಲಿಲ್ಲ. ಇನ್ನೊಂದು ಬಾಳಕ ಕೊಟ್ಟೆ.

ಹೊರಡುವ ಮುಂಚೆ ಮತ್ತೊಮ್ಮೆ ಬಸದಿಯೊಳಗೆ ಹೋದೆ. ಬೆಳಕು ಈಗ ಇನ್ನೊಂದು ಬಾಗಿಲಿಗೆ ಬಂದಿತ್ತು, ಇನ್ನೊಬ್ಬರ ಸರದಿ. ಅಲ್ಲಿ ನಿಂತಿದ್ದಾಗ ಒಂದು ಕಥೆ ನೆನಪಾಯಿತು. ಜಾನ್ ಸ್ಟೀಫನ್ಸ್ ಎಂಬ ಅಮೆರಿಕನ್ 1839ರಲ್ಲಿ ಹೊಂಡುರಾಸಿನ ಕಾಡಿನೊಳಗಿದ್ದ ಕೊಪಾನ್ ಎಂಬ ಇಡೀ ಮಾಯಾ ನಗರವನ್ನು ಐವತ್ತು ಡಾಲರಿಗೆ ಕೊಂಡಿದ್ದ. ಜಾಗದ ಯಜಮಾನನಿಗೆ ಈ ಕಲ್ಲುಗಳನ್ನು ಕೊಳ್ಳುವ ಮೂರ್ಖನೂ ಇದ್ದಾನೆಯೇ ಎಂದು ಆಶ್ಚರ್ಯ. ಜಯನಗರದಲ್ಲಿ ಮೂವತ್ತು ನಲವತ್ತರ ಸೈಟಿನ ಬೆಲೆ ಗೊತ್ತಿರುವ ನನಗೆ ಆ ಐವತ್ತು ಡಾಲರ್ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಮಾತಿದೆ. ಜಾಗಕ್ಕೆ ಬೆಲೆಯಿಲ್ಲದ್ದರಿಂದಲೇ ಅಲ್ಲಿ ಕಲ್ಲು ಉಳಿಯಿತು. ಗೇರುಸೊಪ್ಪೆಯಲ್ಲೂ ಅಷ್ಟೇ. ಯಾರೂ ಕೇಳುವವರಿಲ್ಲದೆ, ಮಳೆ, ಬೇರು, ಬಾವಲಿಗಳ ಕೈಯಲ್ಲಿ, ಪುರಸೊತ್ತಾಗಿ ಹಾಳಾಗುವ ಭಾಗ್ಯ ಅದಕ್ಕೆ ಸಿಕ್ಕಿತು. ಜಯನಗರ ನಾಲ್ಕನೇ ಬ್ಲಾಕಿನ ಪುಟ್ಟಣ್ಣ ಕಣಗಾಲ್ ಚಿತ್ರಮಂದಿರದಲ್ಲಿ ನಾವಿಬ್ಬರೂ ಮದುವೆಯಾದ ವರ್ಷ ಅದೆಷ್ಟು ಸಿನಿಮಾ ನೋಡಿಲ್ಲ. ಈಗ ಅದರ ಒಂದು ಮೆಟ್ಟಿಲು ತೋರಿಸಿ ಎಂದರೆ ತೋರಿಸಲಾರೆ.

ರಾತ್ರಿ ಬಸ್ಸು, ಮತ್ತೆ ಮೇಲಿನ ಬರ್ತು. ಈ ಸಲ ಇಬ್ಬರಿಗೂ ಗಾಢ ನಿದ್ದೆ.

ಭಾನುವಾರ ಬೆಳಿಗ್ಗೆ ಆಟೊ ನಮ್ಮ ಬೀದಿಗೆ ತಿರುಗಿದಾಗ ಡ್ರೈವರ್ ಕೇಳಿದ, "ಯಾವ ಮನೆ ಸಾರ್?" ಎದುರಿಗೆ ಸಂಪಿಗೆ ಮರ ಇರೋ ಮನೆ ಇದೆಯಲ್ಲ, ಅದರ ಎದುರು ಅಂತ ಮೂವತ್ತು ವರ್ಷದ ರೂಢಿಯಲ್ಲಿ ಹೇಳಿದೆ. ಅವನು ಬೀದಿಯ ಕೊನೆಯವರೆಗೆ ಹೋಗಿ ವಾಪಸ್ಸು ಬಂದ. ಸಂಪಿಗೆ ಮರ ಇರಲಿಲ್ಲ. 'ಮಾತೃಛಾಯಾ' ಇರಲಿಲ್ಲ. ಹಸಿರು ಬಲೆಯ ಹಿಂದೆ ಜೆಸಿಬಿ ಒಂದು ಕತ್ತು ತಗ್ಗಿಸಿ ನಿಂತಿತ್ತು. ಕೆಂಪು ನೆಲದ ಒಂದು ತುಂಡು, ನೀರಿನ ಸಂಪಿನ ಬಾಯಿ, ಗೇಟಿನ ಒಂದು ಕಂಬ. ಕಂಬದಲ್ಲಿ ಹೆಸರಿನ ಕಲ್ಲು ಅರ್ಧ ಇತ್ತು, 'ಮಾತೃ' ಅಷ್ಟೇ. ಕಾವಲಿಗಿದ್ದ ಹುಡುಗನನ್ನು ಎಷ್ಟು ಹೊತ್ತಾಯಿತಪ್ಪ ಎಂದು ಕೇಳಿದೆ. "ನಿನ್ನೆ ಒಂದೇ ದಿನ ಅಂಕಲ್. ಹಳೇ ಗಾರೆ, ಬೇಗ ಬಿತ್ತು. ಐದು ಫ್ಲೋರು ಬರ್ತದೆ" ಎಂದ. ಇವಳು ಚೀಲ ಕೆಳಗಿಟ್ಟು ಬಲೆಯ ಸಂದಿಯಲ್ಲಿ ಬಗ್ಗಿ ನೋಡುತ್ತ, ಮಲ್ಲಿಗೆ ಬುಡ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

ಸಂಜೆ ಷಡ್ಡಕರ ಫೋನು. ನಮ್ಮ ಎಳ್ಳಿನಷ್ಟು ಗಾತ್ರದ ಫೋಟೊವನ್ನು ಇವಳು ತಂಗಿಗೆ ಕಳಿಸಿದ್ದಳು. "ಏನ್ ರಾಯರೇ, ಇದು ಪಲೆಂಕೆಗಿಂತ ಚೆನ್ನಾಗಿದೆ ಅಂತ ನಿಮ್ಮ ನಾದಿನಿ ನಿನ್ನೆಯಿಂದ ನನ್ನ ಪ್ರಾಣ ತಿಂತಿದಾಳೆ. ನಾವೂ ಹೋಗಿ ಬರ್ತೀವಿ, ಹೇಗೆ ಹೋಗೋದು ಹೇಳಿ."

ಹೇಳಿದೆ. ನಿಮಗೂ ಹೇಳುತ್ತೇನೆ. ರಾತ್ರಿ ಹೊನ್ನಾವರದ ಬಸ್ಸು ಹಿಡಿಯಿರಿ, ಕೆಳಗಿನ ಬರ್ತು ಕೇಳಿ ಪಡೆಯಿರಿ. ಬಿಳಿ ಕಾಲುಚೀಲ ಬೇಡ. ಒಂದು ಡಬ್ಬಿ ಸುಣ್ಣ ಇರಲಿ. ಆಟೊದವರ ಹತ್ತಿರ ಚೌಕಾಸಿ ಮಾಡಬೇಡಿ. ಕಾಯುವವನಿಗೆ ಬಾಳಕದ ಮೆಣಸಿನಕಾಯಿ ಇಷ್ಟ. ಊಟ ಕಟ್ಟಿಕೊಂಡೇ ಹೋಗಿ, ಬಸದಿಯ ಹತ್ತಿರ ಏನೂ ಸಿಗುವುದಿಲ್ಲ.